ಏಳಲೊಲ್ಲದ ಎತ್ತು

ಕಟಕೋಳದ ಅಂಗನವಾಡಿಯಲ್ಲಿ ಬಡಿಗೇರ ಭರಮಪ್ಪ ತಾನು ಮಾಡಿದ ಕಟ್ಟಿಗೆಯ ಎತ್ತನ್ನು ಮಕ್ಕಳ ನಡುವೆ ಇಟ್ಟ. ಬೆಳಗಾವಿಯ ಆಟಿಕೆ ವ್ಯಾಪಾರಿ ಯುವರಾಜ ಕೊಳ್ಳಲು ಒಂದೇ ಶರತ್ತು ಹಾಕಿದ್ದ: ಮಕ್ಕಳನ್ನು ಕೇಳಿಯೇ ಮಾಡಬೇಕು. ನಲವತ್ತು ವರ್ಷ ಉಳಿ ಹಿಡಿದವನು ಐದು ವರ್ಷದವರನ್ನು ಕೇಳಬೇಕೇ ಎಂದು ಭರಮಪ್ಪನಿಗೆ ಒಳಗೊಳಗೇ ಸಿಟ್ಟು. ಆದರೂ ಕೇಳಿದ.

ಎಲ್ಲರೂ ಚಲೋ ಐತಿ ಎಂದರು. ರೇಣು ಎಂಬ ಹುಡುಗಿ ಮಾತ್ರ ಎತ್ತಿನ ಕಾಲು ಮುಟ್ಟಿ ಮುಟ್ಟಿ ನೋಡಿದಳು.

“ಮುತ್ಯಾ, ಇದು ಯಾವಾಗ ಕುಂದರತೈತಿ?”

“ಕಟ್ಟಿಗಿ ಎತ್ತು ಕುಂದರೂದಿಲ್ಲವಾ. ನಿಂತ ಇರತೈತಿ.”

“ಹಂಗಾದ್ರ ಕಾಲು ನೋಯ್ತಾವು,” ಎಂದು ರೇಣು ಎತ್ತನ್ನು ಅಡ್ಡ ಮಲಗಿಸಿ, ತಲೆಯ ಕೆಳಗೆ ತನ್ನ ಕರವಸ್ತ್ರ ಮಡಚಿಟ್ಟಳು.

ಭರಮಪ್ಪ ಮನೆಗೆ ಬಂದು ಎತ್ತಿನ ಕಾಲುಗಳಿಗೆ ಕೀಲು ಕೂಡಿಸಿದ. ಮೂರು ದಿನಕ್ಕೆ ಎತ್ತು ಕೂತಿತು. ಮೂಗುದಾರ ಜಗ್ಗಿದರೆ ಎದ್ದಿತು. ರೇಣು ಅದನ್ನೂ ಒಪ್ಪಲಿಲ್ಲ. ತಮ್ಮ ಮನೆಯ ಎತ್ತು ಜಗ್ಗಿದರೆ ಏಳುವುದೇ ಇಲ್ಲ, ಕೊರಳ ಕೆಳಗೆ ಕೆರೆದರೆ ಮಾತ್ರ ಏಳುತ್ತದೆ ಎಂದಳು. ಭರಮಪ್ಪ ಮತ್ತೆ ಕೀಲು ಬಿಚ್ಚಿ ಕೂತ. ಸಿಟ್ಟು ಎಲ್ಲಿ ಹೋಯಿತೋ. ಹೆಂಡತಿ ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ.

ಯುವರಾಜ ಅಂಗನವಾಡಿಗೆ ಬಂದಾಗ ಅವಸರದಲ್ಲಿದ್ದ. ಸವದತ್ತಿಯಲ್ಲಿ ಇನ್ನೊಬ್ಬ ಬಡಿಗೇರನನ್ನು ನೋಡುವುದಿತ್ತು. ನಿಂತಲ್ಲಿಂದಲೇ ಬಗ್ಗಿ, ಕೂತಿದ್ದ ಎತ್ತಿನ ಮೂಗುದಾರ ಜಗ್ಗಿದ. ಎತ್ತು ಏಳಲಿಲ್ಲ. ಜೋರಾಗಿ ಜಗ್ಗಿದ. ಎತ್ತು ಇನ್ನೂ ಬಿಗಿಯಾಗಿ ಕೂತಿತು. ಕೀಲು ಸಿಕ್ಕಿಕೊಂಡಿದೆ, ಇದು ನಡೆಯುವುದಿಲ್ಲ ಎಂದು ಅದನ್ನು ಪಕ್ಕಕ್ಕೆ ಸರಿಸಿದ. ಭರಮಪ್ಪ ಎತ್ತನ್ನು ಮತ್ತೆ ಅವನ ಮುಂದೆ ತಂದಿಟ್ಟ.

ರೇಣು ಬಂದು ಯುವರಾಜನ ಕೈ ಹಿಡಿದು ನೆಲಕ್ಕೆ ಕೂರಿಸಿದಳು.

“ಜಗ್ಗಿದ್ರ ಏಳೂದಿಲ್ರಿ. ಕೊರಳ ಕೆಳಗ ಕೆರೀರಿ, ಸಾವಕಾಶ.”

ಅವನು ಒಲ್ಲದ ಮನಸ್ಸಿನಿಂದ ಒಂದು ಬೆರಳು ಚಾಚಿದ. ಎತ್ತು ಮೊದಲು ಹಿಂಗಾಲು ಎತ್ತಿತು, ಆಮೇಲೆ ಮುಂಗಾಲು, ಥೇಟ್ ಹೊಲದ ಎತ್ತಿನ ಹಾಗೆ. ಯುವರಾಜ ಅದನ್ನು ಮತ್ತೆ ಕೂರಿಸಿದ. ಮತ್ತೆ ಎಬ್ಬಿಸಿದ. ತಲೆ ಎತ್ತದೆಯೇ, ಇಂಥವು ನೂರು ಬೇಕು ಎಂದು ಭರಮಪ್ಪನಿಗೆ ಹೇಳಿದ.

ಅರ್ಧ ತಾಸು ಕಳೆಯಿತು. ಡ್ರೈವರ್ ಬಾಗಿಲಿಗೆ ಬಂದು ತಡವಾಯಿತು ಎಂದ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಮೊಣಕಾಲೂರಿ ಕೂತಿದ್ದ ಯುವರಾಜ ತುಟಿಗೆ ಬೆರಳಿಟ್ಟು ಪಿಸುಗುಟ್ಟಿದ:

“ತಡಿಯೋ. ಈಗಷ್ಟ ಕುಂತೈತಿ.”