ಎರಡು ಬಾವಿ, ಒಂದು ಚೀಲ

“ನಮ್ಮ ಬಾವ್ಯಾಗ ಒಂದ್ ಚಿಟಕಿ ಪುಡಿ ಬಿದ್ರೂ ನೆಟ್ಟಗಿರಂಗಿಲ್ಲ ನೋಡ, ಹೇಳೇನಿ!” ಹೇಮಪ್ಪ ಬಾವಿಕಟ್ಟೆಗೆ ಅಡ್ಡ ನಿಂತ.

ಆರೋಗ್ಯ ಇಲಾಖೆಯ ಫಕ್ಕೀರೇಶ ಸೈಕಲ್ಲಿನಿಂದ ಬ್ಲೀಚಿಂಗ್ ಪೌಡರಿನ ಚೀಲ ಇಳಿಸಲೇ ಇಲ್ಲ. ತೊಂಬತ್ಮೂರರ ಬೇಸಿಗೆ. ಮೇಡ್ಲೇರಿ ಹಾದಿಯ ಆ ಊರಿಗೆ ವಾಂತಿಭೇದಿ ಹೊಕ್ಕು ನಾಲ್ಕು ದಿನವಾಗಿತ್ತು. ಊರಿನ ಎರಡೂ ಬಾವಿಯ ನೀರು ಕೆಟ್ಟಿದೆ ಎಂದು ಪರೀಕ್ಷೆಯ ವರದಿಯೂ ಬಂದಿತ್ತು. ಹೇಮಪ್ಪನ ಮೊಮ್ಮಗಳು ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗಿದ್ದಳು.

“ಕೂಸಿನ ಜೀವದ ಮಾತೈತ್ರಿ, ಹೇಮಪ್ಪಾರ.”

“ಅದಕ್ಕ ಎಲುಬಿನ ಪುಡಿ ಕುಡಿಸಬೇಕೇನ? ಅದರಾಗ ಏನೇನ ಕೂಡಿಸ್ತಾರ ನಮಗ ಗೊತ್ತೈತಿ.”

ಮಸೀದಿ ಓಣಿಯ ಬಾವಿಗೆ ಹೋದರೆ ಅಲ್ಲಿ ಯೂಸುಫಸಾಬ ಅಡ್ಡ ನಿಂತಿದ್ದ. ಅವನ ಮೊಮ್ಮಗನೂ ಅದೇ ಆಸ್ಪತ್ರೆಯಲ್ಲಿ, ಹೇಮಪ್ಪನ ಮೊಮ್ಮಗಳ ಪಕ್ಕದ ಮಂಚದಲ್ಲೇ ಇದ್ದ. ಅಲ್ಲಿ ಸಲೈನ್ ಬಾಟ್ಲಿ ಯಾರ ಪೈಕಿ ಎಂದು ಯಾರೂ ಕೇಳಿರಲಿಲ್ಲ.

“ಇದು ಮಕ್ಕಳಾಗದಂಗ ಮಾಡು ಔಷಧ ಐತಂತ. ನಮ್ಮ ಮಂದೀನ ಕಡಿಮಿ ಮಾಡಾಕ ಹೊಂಟೀರೇನ?”

“ಯಾರ ಹೇಳಿದ್ರು, ಚಾಚಾ?”

“ಎಲ್ಲಾರೂ ಹೇಳಾಕತ್ತಾರ.”

ವರದಿಗೆ ಸಹಿ, ಸೀಲು ಎಲ್ಲ ಇತ್ತು. ಈ ‘ಎಲ್ಲಾರೂ’ ಎಂಬ ಮಹಾನುಭಾವರಿಗೆ ಅದ್ಯಾವುದೂ ಬೇಕಿರಲಿಲ್ಲ. ಮೂರು ದಿನ ಮನೆಮನೆಗೆ ತಿರುಗಿ ಕ್ರಿಮಿಗಳ ಚಿತ್ರ ತೋರಿಸಿ ಗಂಟಲು ಹರಿದುಕೊಂಡಿದ್ದ ಫಕ್ಕೀರೇಶನಿಗೆ ಪಿತ್ತ ನೆತ್ತಿಗೇರಿತು. ಸೈಕಲ್ ತಿರುಗಿಸಿ ಮತ್ತೆ ಹೇಮಪ್ಪನ ಬಳಿ ಬಂದ.

“ನಿಮಗ ಬ್ಯಾಡಂದ್ರ ಬಿಡ್ರಿ. ಇರೂದ ಒಂದ ಚೀಲ. ಪೂರ್ತಿ ತಮ್ಮ ಬಾವಿಗೇ ಸುರೀರಿ ಅಂತ ಯೂಸುಫಸಾಬ್ರು ಹಟ ಹಿಡದಾರ.”

“ಏನಂದಿ? ಸರಕಾರದ ಮಾಲೆಲ್ಲಾ ಅವರಿಗಷ್ಟನ?” ಹೇಮಪ್ಪ ಕಟ್ಟೆಯಿಂದ ಜಿಗಿದು ತಾನೇ ಚೀಲದ ಬಾಯಿ ಬಿಚ್ಚಿದ. “ಮೊದಲ ನಮ್ಮ ಬಾವಿಗೆ ಹಾಕು!”

ಅರ್ಧ ಗಂಟೆಯ ನಂತರ ಅದೇ ಸುಳ್ಳು, ಹೆಸರು ಬದಲಿಸಿಕೊಂಡು, ಮಸೀದಿ ಓಣಿಯಲ್ಲೂ ಕೆಲಸ ಮಾಡಿತು. “ಅವರಿಗಿಂತ ಒಂದ ಹಿಡಿ ಜಾಸ್ತೀನ ಬೀಳಲಿ,” ಎಂದು ಯೂಸುಫಸಾಬ ಕಾವಲು ನಿಂತು ಹಾಕಿಸಿಕೊಂಡ.

ಎಂಟು ದಿನಕ್ಕೆ ಎರಡೂ ಮಕ್ಕಳು ಮನೆಗೆ ಬಂದರು. ಊರು ನೋಡಿಕೊಂಡು ಹೋಗಲು ಬಂದ ಫಕ್ಕೀರೇಶನ ಮೂಗಿಗೆ ಹೇಮಪ್ಪ ತುಂಬಿದ ಕೊಡ ಹಿಡಿದ. ಮುಖದಲ್ಲಿ ಗೆದ್ದವನ ಕಳೆ.

“ಖರೇ ಹೇಳ ತಮ್ಮಾ, ಅವರ ಬಾವಿಗಿಂತ ನಮ್ದ ಜಾಸ್ತಿ ನಾರತೈತಿ, ಹೌದಿಲ್ಲೊ?”