ಸ್ವಂತ ವಿಳಾಸ

ಗಣಿ ಕುಸಿದು ಏಳು ಜನ ಸತ್ತರು. ಕಂಪನಿಯ ವರದಿಯಲ್ಲಿ ನಾಲ್ಕು ಜನ ಸತ್ತರು. ಉಳಿದ ಮೂವರ ಹೆಸರು ಕೆಲಸಗಾರರ ಪಟ್ಟಿಯಲ್ಲಿ ಇರಲಿಲ್ಲ.

ಆ ಮೂವರಲ್ಲಿ ಒಬ್ಬ ಇಮಾನ್‌ಕುಲ್. ಅವನ ಅಕ್ಕ ಬುರುಲ್ ಊರಿನ ಗ್ರಂಥಾಲಯ ನೋಡಿಕೊಳ್ಳುವವಳು. ಹೊಸ ಪುಸ್ತಕಗಳ ಪಟ್ಟಿ ಹಾಕಲೆಂದು ಮಾಡಿಸಿದ್ದ ವೆಬ್‌ಸೈಟಿನಿಂದ ಪುಸ್ತಕಗಳನ್ನೆಲ್ಲ ತೆಗೆದು ಅವಳು ಏಳು ಹೆಸರು, ಏಳು ಫೋಟೊ ಹಾಕಿದಳು. ಕೆಳಗೆ ಜನ ಬರೆಯತೊಡಗಿದರು. ರಷ್ಯಾಕ್ಕೆ ಕೂಲಿಗೆ ಹೋದವರೂ ಅಲ್ಲಿಂದಲೇ ಬರೆದರು. ಒಬ್ಬ ಬರೆದಿದ್ದ: ‘ಆ ಬೆಳಿಗ್ಗೆ ಇಮಾನ್‌ಕುಲ್ ನನ್ನ ಜೊತೆಗೇ ಕೆಳಗಿಳಿದ. ಅವನ ತಲೆಯ ದೀಪ ಹತ್ತುತ್ತಿರಲಿಲ್ಲ. ನನ್ನ ಹಿಂದೆಯೇ ಬಾ ಎಂದಿದ್ದೆ.’ ಅಂಥ ಅರವತ್ತು ಸಾಕ್ಷಿಗಳಾದವು. ಗುರುವಾರ ತನಿಖಾ ಸಮಿತಿ ಬರುವುದಿತ್ತು. ಕಾಗದದಲ್ಲಿ ಅಚ್ಚು ಹಾಕಿ ಕೊಟ್ಟರೆ, ನೀನೇ ಕೂತು ಟೈಪ್ ಮಾಡಿದ್ದು ಎನ್ನುತ್ತಾರೆ. ಅವರ ಕಣ್ಣೆದುರೇ ಆ ಪುಟ ತೆರೆದುಕೊಂಡರೆ ಮೂವರೂ ಸತ್ತವರಾಗುತ್ತಾರೆ. ಇಲ್ಲವಾದರೆ ಅವರು ಹುಟ್ಟಿಯೇ ಇರಲಿಲ್ಲ.

ನೋಡುವವರು ಹೆಚ್ಚಿದಂತೆ ಪುಟ ತೆವಳತೊಡಗಿತು. ಬುರುಲ್ ರಾಜಧಾನಿ ಬಿಷ್ಕೆಕ್‌ನ ಹೋಸ್ಟಿಂಗ್ ಕಚೇರಿಗೆ ಫೋನ್ ಮಾಡಿದಳು. ಎತ್ತಿಕೊಂಡವನು ಮಾರ್ಲೆನ್. ಮಾರ್ಕ್ಸ್, ಲೆನಿನ್ ಇಬ್ಬರನ್ನೂ ಸೇರಿಸಿ ಅವನ ತಾತ ಇಟ್ಟ ಹೆಸರು. ಮೊಮ್ಮಗ ಸರ್ವರಿನಲ್ಲಿ ಜಾಗ ಬಾಡಿಗೆಗೆ ಕೊಡುತ್ತಿದ್ದ. ಅವನು ತಾಳ್ಮೆಯಿಂದಲೇ ವಿವರಿಸಿದ. ನಿಮ್ಮದು ಶೇರ್ಡ್ ಹೋಸ್ಟಿಂಗ್, ಅಂದರೆ ವಠಾರ. ಒಂದು ಯಂತ್ರ, ಅದರಲ್ಲಿ ಇನ್ನೂರ ಹನ್ನೆರಡು ಸೈಟು, ಎಲ್ಲಕ್ಕೂ ಒಂದೇ ವಿಳಾಸ. ಒಂದು ಮನೆಗೆ ನೆಂಟರು ಜಾಸ್ತಿ ಬಂದರೆ ಉಳಿದವರ ನಲ್ಲಿಯಲ್ಲಿ ನೀರು ಬರುವುದಿಲ್ಲ. “ಗಣಿ ಕಂಪನಿಯೋರೂ ಬೈತಿದಾರೆ ಅಕ್ಕ, ಅವರ ಸೈಟೂ ತೆರೀತಿಲ್ವಂತೆ” ಎಂದ.

ಕಂಪನಿಯೂ ಅದೇ ವಠಾರದಲ್ಲಿತ್ತು. ಸುರಂಗಕ್ಕೆ ಆನಿಸುವ ಮರದ ಕಂಬವಾಗಲಿ, ಸರ್ವರಾಗಲಿ, ಎಲ್ಲಿ ಅಗ್ಗವೋ ಅಲ್ಲಿ ಕಂಪನಿ. ಹಾಗಾದರೆ ನನಗೆ ಪ್ರೈವೇಟ್ ಸರ್ವರ್ ಕೊಡು ಎಂದು ಬುರುಲ್ ಕೇಳಿದಳು. ಅದೇ ಯಂತ್ರಗಳಲ್ಲಿ ಗೋಡೆ ಎಬ್ಬಿಸಿ, ಒಬ್ಬರಿಗೇ ಎಂದು ಬಿಟ್ಟುಕೊಟ್ಟ ಪಾಲು. ಸ್ವಂತ ಬಾಗಿಲು, ಸ್ವಂತ ವಿಳಾಸ. ಮಾರ್ಲೆನ್ ನಕ್ಕುಬಿಟ್ಟ. “ಅದೆಲ್ಲ ಬ್ಯಾಂಕಿನೋರಿಗೆ ಅಕ್ಕ. ಗ್ರಂಥಾಲಯಕ್ಕೆ ಯಾತಕ್ಕೆ?”

ಸೋಮವಾರ ಮಧ್ಯಾಹ್ನ ಅದೇ ಮಾರ್ಲೆನ್ ಆರು ಗಂಟೆ ಕಾರು ಓಡಿಸಿಕೊಂಡು ಅವಳ ಮನೆಗೇ ಬಂದ. ಕೈಯಲ್ಲಿ ಒಂದು ಮಿಠಾಯಿ ಡಬ್ಬಿ, ಒಂದು ಕಾಗದ. ಇಮಾನ್‌ಕುಲ್‌ಗಾಗಿ ಅಂಗೈ ಎತ್ತಿ ದುವಾ ಮಾಡಿದ, ರೊಟ್ಟಿ ಮುರಿದ. ಬುರುಲ್ ಚಹಾ ಸುರಿಯಲು ಕೆಟಲ್ ಎತ್ತಿದಾಗ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದು ತಮಾಷೆ ಮಾಡಿದ: “ತುಂಬಿಸಿಬಿಡಬೇಡಿ ಅಕ್ಕ. ಬಂದ ತಕ್ಷಣ ಎದ್ದು ಹೋಗು ಅಂದ ಹಾಗಾಗುತ್ತೆ.” ಅವಳು ಅತಿಥಿಗೆ ಸುರಿಯುವಷ್ಟೇ, ಅರ್ಧ ಬಟ್ಟಲು ಸುರಿದಳು.

ಅವನು ಕಾಗದ ಬಿಡಿಸಿದ. ಪ್ರೈವೇಟ್ ಸರ್ವರ್, ಒಂದು ವರ್ಷ ಪುಕ್ಕಟೆ. ಎಲ್ಲ ಸಾಗಿಸುವ ಕೆಲಸ ತಮ್ಮದೇ. ಸಹಿ ಒಂದು ಬಿದ್ದರೆ ಇವತ್ತು ಸಂಜೆಯೇ ಹೊಸ ವಿಳಾಸ.

“ಬ್ಯಾಂಕಿನೋರು ಖಾಲಿ ಮಾಡಿದ್ರಾ?” ಎಂದಳು ಬುರುಲ್.

ಮಾರ್ಲೆನ್ ನಗಲು ನೋಡಿದ, ಆಗಲಿಲ್ಲ. ಅವನು ಕೆಟ್ಟವನಲ್ಲ, ಮೂರನೆಯ ಅರ್ಧ ಬಟ್ಟಲಿನ ಹೊತ್ತಿಗೆ ಎಲ್ಲ ಹೇಳಿದ. ಅವಳ ಪುಟದ ವಿಳಾಸವನ್ನು ದೇಶದಲ್ಲೆಲ್ಲೂ ತೆರೆಯದಂತೆ ತಡೆಯಬೇಕೆಂದು ಮೇಲಿನಿಂದ ಆದೇಶ ಬಂದಿದೆ. ಆದರೆ ವಿಳಾಸ ತಡೆದರೆ ಇನ್ನೂರ ಹನ್ನೆರಡೂ ಕತ್ತಲಾಗುತ್ತವೆ: ಹಲ್ಲಿನ ಡಾಕ್ಟರು, ಟೈರಿನ ಅಂಗಡಿ, ಜಿಲ್ಲಾಧಿಕಾರಿಯ ಅಳಿಯನ ಮದುವೆ ಛತ್ರ, ಗಣಿ ಕಂಪನಿ. ಎಲ್ಲರೂ ಯಾಕೆ, ಏನು ಎಂದು ಕೇಳುತ್ತಾರೆ. ಹಾಗಾಗಿ ಇವಳೊಬ್ಬಳನ್ನು ಹೊರಗೆ ತರಬೇಕು.

ನೀವೇ ಅಳಿಸಿಬಿಡಬಹುದಿತ್ತಲ್ಲ ಎಂದು ಅವಳು ಕೇಳಿದಳು. ನಮ್ಮ ಕಚೇರಿಯ ಮಾಲೀಕರು ಇದೇ ಊರಿನವರು ಎಂದ ಮಾರ್ಲೆನ್. ಸಾವಿನ ಮನೆಯ ಬಾಗಿಲನ್ನು ತಮ್ಮ ಕೈಯಾರೆ ಮುಚ್ಚಿದರೆ, ನಾಳೆ ತಮ್ಮ ಮನೆಯ ಸಾವಿಗೆ ಯಾರೂ ಬರುವುದಿಲ್ಲವೆಂಬ ಭಯ ಅವರಿಗೆ.

“ಹಾಗಾಗಿ ಬೇರೆ ಮನೆ ಕಟ್ಟಿಕೊಟ್ಟು ಅದರ ಬಾಗಿಲು ಇನ್ನೊಬ್ಬರ ಕೈಲಿ ಮುಚ್ಚಿಸ್ತೀರಿ.”

“ತುಂಬಾ ವೇಗ ಇರುತ್ತೆ ಅಕ್ಕ” ಎಂದ ಅವನು, ರೊಟ್ಟಿಯ ಚೂರುಗಳನ್ನು ಒಂದುಗೂಡಿಸುತ್ತ. “ಎಷ್ಟು ಜನ ಬಂದ್ರೂ ನಿಲ್ಲಲ್ಲ.”

“ಎಲ್ಲಿವರೆಗೆ?”

ಅವನು ಕಾಗದ ನೋಡಿದ. ಅದರಲ್ಲಿ ಒಂದು ವರ್ಷ ಎಂದಿತ್ತು. “ಬುಧವಾರದ ತನಕ” ಎಂದ.

ಬುರುಲ್ ಗೋಡೆಯ ಕ್ಯಾಲೆಂಡರ್ ನೋಡಲಿಲ್ಲ. ಇಮಾನ್‌ಕುಲ್‌ನ ಫೋಟೊ ಅದರ ಪಕ್ಕದಲ್ಲೇ ಇತ್ತು, ಅದನ್ನೂ ನೋಡಲಿಲ್ಲ. ಮಾರ್ಲೆನ್ ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದ. ಸಹಿ ಮಾಡಿಬಿಡಿ, ನನ್ನ ಕೆಲಸದ ಪ್ರಶ್ನೆ ಎಂದ. ಅವಳು ಪೆನ್ನು ಇಸಿದುಕೊಂಡು, ಮುಚ್ಚಳ ಹಾಕಿ, ಅವನ ಜೇಬಿಗೆ ಸಿಕ್ಕಿಸಿದಳು.

“ನಾನು ವಠಾರದಲ್ಲೇ ಇರ್ತೀನಿ ತಮ್ಮ. ಕಂಪನಿಯೋರ ಪಕ್ಕದಲ್ಲೇ.”

ಮತ್ತೆ ಕೆಟಲ್ ಎತ್ತಿ ಅವನ ಬಟ್ಟಲಿಗೆ ಸುರಿಯತೊಡಗಿದಳು. ಅರ್ಧಕ್ಕೆ ನಿಲ್ಲಿಸಲಿಲ್ಲ. ಚಹಾ ಅಂಚಿನವರೆಗೂ ಬಂದು ನಿಂತಿತು.