ಯಾರ ಚಿತ್ತಾರ?

"ಇದರಲ್ಲಿರೋ ಹಾಗೇ ಜೋಡಿಸು ಪುಟ್ಟಿ," ಎಂದು ಪರೀಕ್ಷೆ ಮಾಡುವ ಹೆಂಗಸು ಚಿತ್ತಾರದ ಕಾರ್ಡೊಂದನ್ನು ಮೇಜಿನ ಮೇಲಿಟ್ಟು, ಕೆಂಪು ಬಿಳಿ ಬಣ್ಣ ಬಳಿದ ಮರದ ಬಿಲ್ಲೆಗಳನ್ನು ಚಿಟ್ಟಿಯ ಮುಂದೆ ಸುರಿದಳು. ಚಿಟ್ಟಿ ಬಿಲ್ಲೆಗಳನ್ನು ಮುಟ್ಟಲಿಲ್ಲ. ಕಾರ್ಡನ್ನು ನೋಡಿದಳು, ಹೆಂಗಸಿನ ಮುಖ ನೋಡಿದಳು.

"ಇದು ಯಾರದ್ದು?"

"ಅದೆಲ್ಲ ಯಾಕೆ ನಿಂಗೆ? ಜೋಡಿಸು ನೋಡೋಣ."

ಚಿಟ್ಟಿ ನಿಟ್ಟುಸಿರು ಬಿಟ್ಟು ಕೆಲಸಕ್ಕೆ ಕೂತಳು. ಕಾರ್ಡಿನಲ್ಲಿ ಕೆಂಪಿನ ನಡುವೆ ಬಿಳಿ ಇತ್ತು; ಅವಳು ಬಿಳಿಯ ನಡುವೆ ಕೆಂಪು ಕೂರಿಸಿದಳು. ಅಲ್ಲಿ ಮೂಲೆ ಹೊರಗೆ ಚಾಚಿದ್ದರೆ ಇಲ್ಲಿ ಒಳಗೆ ಎಳೆದಳು. ಮುಗಿದ ಮೇಲೆ ಅದನ್ನು ಮೆಲ್ಲಗೆ ಕಾರ್ಡಿನ ಪಕ್ಕಕ್ಕೆ ಸರಿಸಿ, ಅಂಚಿಗೆ ಅಂಚು ತಾಗಿಸಿ, ಕೈಕಟ್ಟಿ ಕೂತಳು. ಹೆಂಗಸು ತನ್ನ ಕಾಗದದ ಮೇಲೆ ಒಂದು ಸೊನ್ನೆ ಸುತ್ತಿದಳು. ಎರಡನೆಯ ಕಾರ್ಡಿಗೂ ಅದೇ ಪ್ರಶ್ನೆ, ಅದೇ ಕೈಚಳಕ, ಅದೇ ಸೊನ್ನೆ.

ಗೋಡೆಯ ಬದಿಯ ಬೆಂಚಿನಲ್ಲಿ ಅಜ್ಜಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಮನೆಯವರು ತುಟಿ ಬಿಚ್ಚಿದರೆ ಪರೀಕ್ಷೆ ಅಲ್ಲಿಗೇ ರದ್ದು ಎಂದು ಬಾಗಿಲಲ್ಲೇ ಹೇಳಿ ಒಳಗೆ ಬಿಟ್ಟಿದ್ದರು. ಆದರೆ ಅವಳಿಗೆ ಎದುರಿನ ಮೇಜಿನಲ್ಲಿ ಏನಾಗುತ್ತಿದೆ ಎಂಬುದು ಅಂಗೈ ನೆಲ್ಲಿಯಷ್ಟು ಸ್ಪಷ್ಟವಾಗಿತ್ತು. ಅವಳದು ತಲೆತಲಾಂತರದಿಂದ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವ ಮನೆ. ಅಲ್ಲಿ ಇನ್ನೊಬ್ಬರ ಚಿತ್ತಾರವನ್ನು ಕಂಡ ಹಾಗೇ ಎತ್ತಿ ಹೊಲಿಯುವುದೆಂದರೆ ಅವರ ಹಗ್ಗದ ಮೇಲೆ ಒಣಗುವ ಸೀರೆಯನ್ನು ಎಳೆದುಕೊಂಡು ಬಂದ ಹಾಗೆ. ಚಿತ್ತಾರದ ಒಡತಿ ತನ್ನ ಬಾಯಲ್ಲೇ "ಕೊಟ್ಟಿದ್ದೀನಿ, ತಗೋ" ಅನ್ನಬೇಕು. ಅಲ್ಲಿಯವರೆಗೆ ಅದರ ಪಕ್ಕದಲ್ಲಿ ಹೊಂದಿ ಕೂರುವಂಥ ಬೇರೆಯದನ್ನು ಮಾಡಬಹುದು, ಅದನ್ನೇ ಮಾಡುವಂತಿಲ್ಲ. ಅಕ್ಷರ ಕಲಿಯುವ ಮೊದಲೇ ಈ ಮನೆಯ ಮಕ್ಕಳು ಕಲಿಯುವ ಮಾತು ಅದು.

ಮೂರು ಸೊನ್ನೆಯಾದರೆ ಪರೀಕ್ಷೆ ಮುಗಿಯಿತು. ಮಗುವನ್ನು ಶಾಲೆಯ ಹಿಂದಿನ ಕೋಣೆಗೆ ಕಳಿಸುತ್ತಾರೆ. ಮಂದಬುದ್ಧಿಯ ಮಕ್ಕಳೆಂದು ಕೂರಿಸುವ ಕೋಣೆ. ಅಲ್ಲಿಗೆ ಹೋದವರು ಮುಂದಿನ ಕೋಣೆಗಳಿಗೆ ತಿರುಗಿ ಬಂದದ್ದನ್ನು ಅಜ್ಜಿ ಕಂಡಿರಲಿಲ್ಲ. ಚಿಟ್ಟಿಯ ಅಪ್ಪನನ್ನೂ, ಅಂದರೆ ಅಜ್ಜಿಯ ಮಗನನ್ನೂ, ಅಲ್ಲಿಗೇ ಹಾಕಿದ್ದರು. ಅವನು ಸ್ವಲ್ಪ ದಿನ ಹೋದ, ಆಮೇಲೆ ಚೀಲ ಮೂಲೆಗೆಸೆದು ಸೂಜಿ ಹಿಡಿದ. ಅವನಿಗೂ ಆಗ ಇದೇ ಬಿಲ್ಲೆಗಳನ್ನು ಕೊಟ್ಟಿದ್ದರೇ? ಅವನೂ ಯಾರದ್ದು ಎಂದು ಕೇಳಿದ್ದನೇ? ಇಷ್ಟು ವರ್ಷ ಹೊಳೆಯದ ಯೋಚನೆ ಅವಳ ಎದೆಯಲ್ಲಿ ಈಗ ಮುಳ್ಳಿನ ಹಾಗೆ ಚುಚ್ಚಿತು.

ಮೂರನೆಯ ಕಾರ್ಡು ಮೇಜಿಗೆ ಬಂತು. ಅಜ್ಜಿ ಎದ್ದು ನಿಂತಳು.

"ಅಮ್ಮಾ, ಒಂದು ಮಾತು."

"ಅಜ್ಜಿ, ಮಾತಾಡಿದ್ರೆ ಪರೀಕ್ಷೆ ನಿಲ್ಲಿಸಬೇಕಾಗುತ್ತೆ. ಮೊದಲೇ ಹೇಳಿದ್ವಲ್ಲ?"

"ನಿಲ್ಸಿ ತಾಯಿ. ಹೇಗೂ ಇನ್ನೊಂದು ಸೊನ್ನೆಗೆ ನಿಲ್ಲೋದೇ ತಾನೆ? ಅವಳಿಗೆ ಬರಲ್ಲ ಅಂತಲ್ಲ, ನೀವು ಕೊಟ್ಟಿಲ್ಲ. ಇದು ನಂದು, ನಿಂಗೆ ಕೊಟ್ಟಿದ್ದೀನಿ ಅಂತ ಒಂದು ಸಲ ಅನ್ನಿ. ನಮ್ಮನೇಲಿ ಹಾಗೇ. ಕೇಳದೆ ಕದ್ದು ಮಾಡೋ ಅಭ್ಯಾಸ ಇಲ್ಲ."

"ಕದಿಯೋದಾ? ಇದು ಬರೀ ಕಾರ್ಡು ಅಜ್ಜಿ."

"ನಿಮಗೆ ಕಾರ್ಡು."

ಹೆಂಗಸು ಪೆನ್ನನ್ನು ಕೆಳಗಿಟ್ಟಳು. ಎರಡನೆಯ ಕಾರ್ಡಿನ ಪಕ್ಕ ಚಿಟ್ಟಿ ಮಾಡಿಟ್ಟಿದ್ದ ಚಿತ್ತಾರ ಇನ್ನೂ ಅಲ್ಲೇ ಇತ್ತು. ಅದನ್ನೂ ಕಾರ್ಡನ್ನೂ ಅವಳು ಒಟ್ಟಿಗೆ, ಸಾವಕಾಶವಾಗಿ ನೋಡಿದಳು. ನೋಡುತ್ತ ತುಟಿಯಂಚಿನಲ್ಲಿ ನಕ್ಕಳು. ಆಮೇಲೆ ಪರೀಕ್ಷೆಯ ಪುಸ್ತಕ ತೆಗೆದು ಪುಟ ತಿರುವಿದಳು.

"ಹೀಗೆ ಹೇಳು ಅಂತ ಇದರಲ್ಲಿಲ್ಲ," ಎಂದಳು. ಇನ್ನೊಂದು ಪುಟ ತಿರುವಿ, "ಹೇಳಬೇಡ ಅಂತಲೂ ಇಲ್ಲ," ಎಂದಳು. "ನೀವು ಉತ್ತರ ಹೇಳಿಕೊಟ್ಟಿಲ್ಲ ಅಜ್ಜಿ, ಪರೀಕ್ಷೆ ನಿಲ್ಲಿಸಲ್ಲ," ಎಂದು ಪುಸ್ತಕ ಮುಚ್ಚಿ, ಹೊಸ ಕಾರ್ಡನ್ನು ಮೇಜಿನಾಚೆಗೆ ಚಾಚಿದಳು. "ಪುಟ್ಟೀ, ಇದು ನಂದು. ಇವತ್ತಿನ ಕಾರ್ಡೆಲ್ಲ ನಂದೇ. ನಿಂಗೆ ಕೊಟ್ಟಿದ್ದೀನಿ."

ಚಿಟ್ಟಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ಆಮೇಲೆ ನೋಡಬೇಕಿತ್ತು ಆ ಬೆರಳುಗಳನ್ನು. ಹೆಂಗಸು ಗಡಿಯಾರ ಒತ್ತಿ ಕಣ್ಣೆತ್ತುವಷ್ಟರಲ್ಲಿ ಬಿಲ್ಲೆಗಳು ಕೂತಿರುತ್ತಿದ್ದವು. ಡಬ್ಬಿಯ ತಳದ ಕಾರ್ಡಿನವರೆಗೂ ಒಂದೂ ತಪ್ಪಲಿಲ್ಲ.

"ಅವಳು ಈಗಿರೋ ಕ್ಲಾಸಲ್ಲೇ ಇರಲಿ ಅಂತ ಬರೀತೀನಿ," ಎಂದಳು ಹೆಂಗಸು, ಬಿಲ್ಲೆಗಳನ್ನು ಡಬ್ಬಿಗೆ ತುಂಬುತ್ತ. "ಆದ್ರೆ ಮೊದಲೆರಡಕ್ಕೆ ಸೊನ್ನೇನೇ ಅಜ್ಜಿ. ಅದನ್ನ ತಿದ್ದೋಕೆ ನಂಗೆ ಅಧಿಕಾರ ಇಲ್ಲ. ಕಾರ್ಡಿಗಿಂತ ಅವಳು ಮಾಡಿದ್ದೇ ಚೆನ್ನಾಗಿತ್ತು, ಏನ್ಮಾಡ್ಲಿ."

"ಇರ್ಲಿ ಬಿಡಿ ತಾಯಿ. ಆ ಎರಡು ಚಿತ್ತಾರಾನ ನಾನು ನಮ್ಮವಳ ಹತ್ರಾನೇ ಕೌದಿ ಮೇಲೆ ಹೊಲಿಸ್ಕೋತೀನಿ."

ಇಬ್ಬರೂ ನಕ್ಕರು. ಅಜ್ಜಿಗೆ ಮೈ ಹಗುರವಾಗಿತ್ತು. ಮೆಟ್ಟಿಲಿಳಿಯುವಾಗ ಮಂಡಿನೋವು ನೆನಪಾಗಲೇ ಇಲ್ಲ. ಅರ್ಧ ಇಳಿದ ಮೇಲೆ ಚಿಟ್ಟಿ ಅವಳ ಸೆರಗು ಜಗ್ಗಿದಳು.

"ಅಜ್ಜೀ, ಪಾಪ ಆ ಆಂಟಿ."

"ಯಾಕೇ?"

"ಅಷ್ಟೊಂದು ಕಾರ್ಡು ಇದೆ, ಒಂದಕ್ಕೂ ಜೋಡಿ ಮಾಡ್ಕೊಂಡಿಲ್ಲ. ಇರೋದನ್ನೇ ಮತ್ತೆ ಮಾಡು ಅಂತಾರೆ." ಅವಳು ದನಿ ತಗ್ಗಿಸಿದಳು. "ಅವರನ್ನ ಹಿಂದಿನ ಕೋಣೆಗೆ ಹಾಕ್ತಾರಾ?"